ಜಮೀನಿನ ದಾವೆ ಮತ್ತು ವಕೀಲರ ಆಯ್ಕೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಬಿತ್ತನೆ ಕಬ್ಬಿನ ಆಯ್ಕೆ, ಗೊಬ್ಬರದ ಪ್ರಮಾಣ, ಕೂಳೆ ಬೆಳೆಯ ಆರೈಕೆ ಮುಂತಾದವು ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವ ವಿಷಯಗಳು. ಈ ಸಲ ವಿಷಯ ಸ್ವಲ್ಪ ಬೇರೆ. ಗದ್ದೆ ನೋಡಲು ಬಂದಾಗ ಹಲವು ಸದಸ್ಯರು ಬೆಳೆಯ ಮಾತು ಮುಗಿಸಿ, ಸ್ವರ ತಗ್ಗಿಸಿ ಕೇಳುವುದುಂಟು: "ಸಾರ್, ಕಾಸರಗೋಡಿನ ಮೂಲಮನೆಯ ಜಾಗದಲ್ಲಿ ತಕರಾರು ಬಂದಿದೆ. ಯಾವ ವಕೀಲರನ್ನು ಹಿಡಿಯುವುದು?" ನಾನು ಕಾನೂನು ಓದಿದವನಲ್ಲ, ಕೃಷಿ ಪದವೀಧರ. ಆದರೆ ಕಾಸರಗೋಡಿನ ಕಡೆಯವನೇ ಆದ್ದರಿಂದಲೂ, ನಮ್ಮ ಮನೆಯಲ್ಲೇ ಒಂದು ದಾವೆಯ ಬಿಸಿ ಉಂಡದ್ದರಿಂದಲೂ, ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಅನುಭವ

ಸುಮಾರು ಹದಿನೈದು ವರ್ಷಗಳ ಹಿಂದೆ, ತೋಟಕ್ಕೆ ಬರುವ ತೋಡಿನ ನೀರಿನ ವಿಷಯದಲ್ಲಿ ನೆರೆಯವರು ನಮ್ಮ ತಂದೆಯವರ ಮೇಲೆ ದಾವೆ ಹೂಡಿದರು. ಸಮನ್ಸ್ ಬಂತು. ತಂದೆಯವರು ಪರಿಚಯದ ವಕೀಲರೊಬ್ಬರಲ್ಲಿಗೆ ಹೋಗಿ, ವಕಾಲತ್ತಿಗೆ ರುಜು ಹಾಕಿ, ಮುಂಗಡ ಕೊಟ್ಟು ಬಂದರು. ಆ ವಕೀಲರಿಗೆ ಕ್ರಿಮಿನಲ್ ಕೇಸುಗಳಲ್ಲಿ ಒಳ್ಳೆಯ ಹೆಸರಿತ್ತು. ಜಮೀನಿನ ದಾವೆ ನಡೆಸಿದ್ದಾರೆಯೇ ಎಂದು ನಾವು ಕೇಳಲಿಲ್ಲ. ಮಳೆಗಾಲ ಬಂತು, ಕೆಲಸ ಹೆಚ್ಚಿತು. ಏಳು ತಿಂಗಳು ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ನಮ್ಮ ಲಿಖಿತ ಹೇಳಿಕೆಯೇ ಸಲ್ಲಿಕೆಯಾಗಿರಲಿಲ್ಲ. ದಾವೆ ಏಕಪಕ್ಷೀಯವಾಗಿ ಡಿಕ್ರಿಯಾಗಿತ್ತು. ಬೇಸಿಗೆಗೆ ತೋಟಕ್ಕೆ ನೀರಿಲ್ಲ ಎಂಬ ಸ್ಥಿತಿ ಬಂತು.

ಆಗ ಊರಿನ ಹಿರಿಯರೊಬ್ಬರು ಇನ್ನೊಬ್ಬ ವಕೀಲರನ್ನು ತೋರಿಸಿದರು. ಅವರು ಮೊದಲ ದಿನವೇ ತಂದೆಯವರನ್ನು ಎರಡು ಗಂಟೆ ಕುಳ್ಳಿರಿಸಿ, ಅಜ್ಜನ ಕಾಲದ ಕನ್ನಡ ದಸ್ತಾವೇಜನ್ನು ಅಕ್ಷರ ಬಿಡದೆ ಓದಿ, ತೋಡಿನ ನಕ್ಷೆಯನ್ನು ನಮ್ಮಿಂದಲೇ ಬರೆಯಿಸಿದರು. ಡಿಕ್ರಿ ರದ್ದತಿಗೂ ತಡವನ್ನು ಮನ್ನಿಸುವುದಕ್ಕೂ ಅರ್ಜಿ ಹಾಕಿದರು. ಖರ್ಚು ಕಟ್ಟುವ ಷರತ್ತಿನ ಮೇಲೆ ಕೇಸು ಮತ್ತೆ ತೆರೆಯಿತು. ಕೊನೆಗೆ ಮಧ್ಯಸ್ಥಿಕೆಯಲ್ಲಿ, ವಾರದ ದಿನಗಳನ್ನು ಹಂಚಿಕೊಂಡು ಸರದಿಯಂತೆ ನೀರು ಬಿಡುವುದೆಂದು ಒಪ್ಪಂದವಾಯಿತು. ಮೊದಲ ವಕೀಲರದು ತಪ್ಪು ಹೌದು. ಆದರೆ ಅರ್ಧ ತಪ್ಪು ನಮ್ಮದು ಎಂಬುದನ್ನು ತಂದೆಯವರು ಕಡೆಯವರೆಗೂ ಹೇಳುತ್ತಿದ್ದರು.

ದಾವೆ ಎಲ್ಲಿ ಹೂಡಬೇಕು?

ಸ್ಥಿರ ಆಸ್ತಿಯ ದಾವೆಯನ್ನು ಆಸ್ತಿ ಇರುವ ಪ್ರದೇಶದ ನ್ಯಾಯಾಲಯದಲ್ಲಿಯೇ ಹೂಡಬೇಕೆಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಕಲಮಿನ ಸಾಮಾನ್ಯ ನಿಯಮ. ಆದುದರಿಂದ ತಾವು ಗಡಿಯ ಈಚೆ ವಾಸವಾಗಿದ್ದರೂ, ಜಾಗ ಕಾಸರಗೋಡಿನಲ್ಲಿದ್ದರೆ ದಾವೆ ಅಲ್ಲಿಯೇ ನಡೆಯುತ್ತದೆ. ಮುಂದಿನ ಮೇಲ್ಮನವಿ ಹೋಗುವುದು ಎರ್ನಾಕುಳದ ಕೇರಳ ಹೈಕೋರ್ಟಿಗೆ, ಬೆಂಗಳೂರಿಗಲ್ಲ. ಭಾರತದ ಯಾವುದೇ ರಾಜ್ಯದ ಬಾರ್ ಕೌನ್ಸಿಲಿನಲ್ಲಿ ನೋಂದಾಯಿಸಿದ ವಕೀಲರು ದೇಶದ ಎಲ್ಲೆಡೆ ವಾದಿಸುವ ಹಕ್ಕು 2011ರಿಂದ ಜಾರಿಯಲ್ಲಿದೆ. ಹಕ್ಕು ಇರುವುದು ಬೇರೆ, ಅಲ್ಲಿನ ಭೂ ಕಾನೂನು ಕೈವಶವಾಗಿರುವುದು ಬೇರೆ.

ಕಾಸರಗೋಡಿನ ಜಮೀನಿನ ವಿಶೇಷ

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆಮೇಲೆ ಕಣ್ಣೂರು ಜಿಲ್ಲೆಗೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಇದರಿಂದ ಮೂರು ತೊಡಕುಗಳು ಉಂಟಾಗಿವೆ.

ಒಂದು, ಕಾಗದಪತ್ರಗಳ ಭಾಷೆ. ಹಳೆಯ ಮೂಲಗೇಣಿ, ಚಾಲಗೇಣಿ ಚೀಟಿಗಳು, ಪಾಲುಪಟ್ಟಿಗಳು ಬಹುಪಾಲು ಕನ್ನಡದಲ್ಲಿವೆ. ಈಗಿನ ವಿಲೇಜ್ ಆಫೀಸಿನ ದಾಖಲೆಗಳು ಮಲಯಾಳದಲ್ಲಿವೆ. ರೀ-ಸರ್ವೆ ಆದಲ್ಲಿ ಸರ್ವೆ ನಂಬ್ರಗಳೂ ಬದಲಾಗಿವೆ. ಹಳೆಯದನ್ನೂ ಹೊಸದನ್ನೂ ಎರಡನ್ನೂ ಓದಿ ಹೊಂದಿಸಬಲ್ಲ ವಕೀಲರು ಬೇಕು. ಕಾಸರಗೋಡಿನ ಕನ್ನಡಿಗರು ಅಲ್ಲಿನ ಸರಕಾರಿ ಕಛೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದೆಂದು 1969ರ ಕೇರಳ ಆಡಳಿತ ಭಾಷಾ ಕಾಯಿದೆ ಹೇಳುತ್ತದೆ. ಇದು ನೆನಪಿರಲಿ.

ಎರಡು, ಭೂಸುಧಾರಣೆ. 1963ರ ಕೇರಳ ಭೂಸುಧಾರಣಾ ಕಾಯಿದೆಯ 125ನೆಯ ಕಲಮಿನ ಪ್ರಕಾರ, ಒಬ್ಬನು ಗೇಣಿದಾರನೇ ಅಲ್ಲವೇ ಎಂಬ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ತಾನೇ ತೀರ್ಮಾನಿಸುವಂತಿಲ್ಲ. ಲ್ಯಾಂಡ್ ಟ್ರಿಬ್ಯೂನಲಿಗೆ ಕಳುಹಿಸಬೇಕು. ಇದನ್ನು ಮೊದಲೇ ಅರಿಯದೆ ದಾವೆ ಹೂಡಿದರೆ ವರ್ಷಗಳು ವ್ಯರ್ಥವಾಗುವ ಸಂಭವವಿದೆ. ಕುಮ್ಕಿ ಜಾಗವಂತೂ ಸರಕಾರದ ಜಾಗ. ವರ್ಗದಾರನಿಗೆ ಅದರಲ್ಲಿರುವುದು ಸವಲತ್ತು ಮಾತ್ರ, ಒಡೆತನವಲ್ಲ.

ಮೂರು, ಕುಟುಂಬದ ಆಸ್ತಿ. ಕೇರಳದಲ್ಲಿ 1975ರ ಕಾಯಿದೆಯ ಮೂಲಕ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು 1976ರ ಡಿಸೆಂಬರ್ 1ರಿಂದ ರದ್ದು ಮಾಡಲಾಯಿತು. ಅಳಿಯಸಂತಾನದ ಕುಟುಂಬ, ಕವರುಗಳೂ ಅದರೊಳಗೆ ಬಂದವು. ಕರ್ನಾಟಕದಲ್ಲಿ ಇಂಥ ಕಾಯಿದೆ ಇಲ್ಲ. ಹೀಗಾಗಿ ಒಂದೇ ಮನೆತನಕ್ಕೆ ಗಡಿಯ ಎರಡೂ ಕಡೆ ಜಮೀನು ಇದ್ದರೆ ಪಾಲಿನ ಲೆಕ್ಕ ಎರಡು ಬಗೆ ಆಗಬಹುದು. ಅದರ ಮೇಲೆ, ಈ ಕಾಯಿದೆಯ ಮುಖ್ಯ ಕಲಮುಗಳು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಗೆ ಹೊಂದುವುದಿಲ್ಲವೆಂದೂ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಉಂಟೆಂದೂ ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ತೀರ್ಪಿತ್ತಿದೆ. ಇಷ್ಟನ್ನೆಲ್ಲ ಬೆನ್ನಟ್ಟಿ ಓದುತ್ತಿರುವವರಲ್ಲಿ ಮಾತ್ರ ಪಾಲಿನ ದಾವೆ ಕೊಡಬೇಕು.

ವಕೀಲರನ್ನು ಗುರುತಿಸುವುದು ಹೇಗೆ?

ವಕೀಲರು ಜಾಹೀರಾತು ಹಾಕಿ ಕೇಸು ಕರೆಯಬಾರದೆಂದು ಬಾರ್ ಕೌನ್ಸಿಲಿನ ನಿಯಮವಿದೆ. ಸಿವಿಲ್ ತಜ್ಞ ಎಂಬ ಸರಕಾರಿ ಸರ್ಟಿಫಿಕೇಟೂ ಇಲ್ಲ. ಆದುದರಿಂದ ವಿಚಾರಿಸಿಯೇ ತಿಳಿಯಬೇಕು. ಇಂತಹದೇ ತಕರಾರು ಮುಗಿಸಿಕೊಂಡ ಇಬ್ಬರು ಮೂವರನ್ನು ಕೇಳಿರಿ. ಗೆದ್ದವರನ್ನು ಮಾತ್ರವಲ್ಲ, ಸೋತವರನ್ನೂ ಕೇಳಿರಿ. ಸೋತರೂ "ವಕೀಲರು ಚೆನ್ನಾಗಿ ನಡೆಸಿದರು" ಎಂದು ಹೇಳುವವರ ಮಾತಿಗೆ ತೂಕ ಹೆಚ್ಚು.

ಮೊದಲ ಭೇಟಿಗೆ ದಸ್ತಾವೇಜು, ತೀರ್ವೆ ರಶೀದಿ, ಋಣಭಾರ ಪತ್ರ, ನಕ್ಷೆ, ಬಂದ ನೋಟೀಸು, ವಾರಸುದಾರರ ಪಟ್ಟಿ ಇವುಗಳ ಪ್ರತಿಗಳನ್ನು ಒಯ್ಯಿರಿ. ನಡೆದ ಸಂಗತಿಗಳನ್ನು ತಾರೀಕು ಸಹಿತ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ತಮಗೆ ಪ್ರತಿಕೂಲವಾದ ಕಾಗದವನ್ನು ಮುಚ್ಚಿಡಬೇಡಿರಿ. ಕೆಂಪು ಕೊಳೆ ರೋಗ ತಗಲಿದ ಕಬ್ಬನ್ನು ನಮ್ಮ ಸಿಬ್ಬಂದಿಗೆ ತೋರಿಸದೆ ಬಚ್ಚಿಟ್ಟರೆ ಇಡೀ ಗದ್ದೆ ಹೋಗುತ್ತದೆ. ಇದೂ ಹಾಗೆಯೇ. ಆಮೇಲೆ ಈ ಪ್ರಶ್ನೆಗಳನ್ನು ಕೇಳಿರಿ:

1. ಇಂತಹ ದಾವೆಗಳನ್ನು ತಾವು ವಿಚಾರಣೆಯ ಕೊನೆಯ ತನಕ ನಡೆಸಿದ್ದುಂಟೇ?
2. ನಮ್ಮ ಕೇಸಿನಲ್ಲಿ ದುರ್ಬಲವಾದ ಅಂಶ ಯಾವುದು?
3. ವಾಯಿದೆಗೆ ತಾವೇ ಹಾಜರಾಗುವಿರೋ, ಕಿರಿಯರು ಬರುವರೋ?
4. ದಾವೆ ಹೂಡದೆ ರಾಜಿಯಲ್ಲಿ ಮುಗಿಯುವ ದಾರಿ ಇದೆಯೇ?

"ಗೆಲುವು ಖಂಡಿತ" ಎನ್ನುವವರಿಗಿಂತ ಎರಡನೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುವವರು ಮೇಲು.

ಫೀಸಿನ ವಿಷಯ

ವಕೀಲರ ಫೀಸು, ಕೋರ್ಟು ಫೀಸು, ಕಮಿಷನರರ ಖರ್ಚು, ಭಾಷಾಂತರ ಮತ್ತು ನಕಲಿನ ಖರ್ಚು ಇವು ಬೇರೆ ಬೇರೆ. ಎಷ್ಟು, ಯಾವ ಹಂತದಲ್ಲಿ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆದು, ಕೊಟ್ಟ ಹಣಕ್ಕೆ ರಶೀದಿ ಪಡೆಯಿರಿ. "ಗೆದ್ದರೆ ಜಾಗದಲ್ಲಿ ಇಷ್ಟು ಪಾಲು" ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲಿನ ನಿಯಮದಲ್ಲಿ ನಿಷೇಧವಿದೆ. ಹಾಗೆ ಕೇಳಿದವರಿಂದ ದೂರವಿರಿ.

ಅವಧಿ ಮೀರಬಾರದು

ನಾಟಿಯ ಕಾಲ ತಪ್ಪಿದರೆ ಇಳುವರಿ ಕಡಿಮೆಯಾಗುತ್ತದೆ. ದಾವೆಯ ಕಾಲ ತಪ್ಪಿದರೆ ಹಕ್ಕೇ ಹೋಗಬಹುದು. ಮುಖ್ಯವಾದ ಅವಧಿಗಳು ಹೀಗಿವೆ:

ಒಡೆತನದ ಆಧಾರದಲ್ಲಿ ಸ್ವಾಧೀನ ಕೇಳಲು: 12 ವರ್ಷ.
ಕಾನೂನುಕ್ರಮವಿಲ್ಲದೆ ಹೊರದೂಡಿದವರ ಮೇಲೆ, ಒಡೆತನದ ವಿಚಾರಕ್ಕೆ ಹೋಗದೆ ಸ್ವಾಧೀನ ಕೇಳಲು: 6 ತಿಂಗಳು.
ಕೈಸಾಲ ವಸೂಲಿ, ಹಕ್ಕಿನ ಘೋಷಣೆ: ಸಾಮಾನ್ಯವಾಗಿ 3 ವರ್ಷ.
ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲು: ಸಮನ್ಸ್ ತಲುಪಿ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನಗಳ ತನಕ.
ಏಕಪಕ್ಷೀಯ ಡಿಕ್ರಿ ರದ್ದತಿಯ ಅರ್ಜಿಗೆ: 30 ದಿನ.
ಮೊದಲ ಮೇಲ್ಮನವಿ: ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ.
ಸರಕಾರದ ಮೇಲೆ ದಾವೆ ಹೂಡುವ ಮುನ್ನ: 2 ತಿಂಗಳ ನೋಟೀಸು.

ಇವುಗಳಿಗೆ ಒಳನಿಯಮಗಳುಂಟು. ಆದುದರಿಂದ ನೋಟೀಸು ಕೈಗೆ ಬಂದ ವಾರದೊಳಗೆ ವಕೀಲರನ್ನು ಕಾಣುವುದು ಕ್ಷೇಮ.

ವಕಾಲತ್ತು ಕೊಟ್ಟ ಮೇಲೆ

ರುಜು ಹಾಕಿದಲ್ಲಿಗೆ ನಮ್ಮ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಇದೆ. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಸೇವೆಯಲ್ಲಿ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು. ಇಂಗ್ಲಿಷು ಬಾರದವರು ಮನೆಯ ಮಕ್ಕಳಿಂದ ನೋಡಿಸಲಿ. ಸಲ್ಲಿಸಿದ ಪ್ರತಿಯೊಂದು ಕಾಗದದ ನಕಲು ಕೇಳಿ ಪಡೆಯಿರಿ. ಖಾಲಿ ಹಾಳೆಗೆ ರುಜು ಹಾಕಬೇಡಿರಿ. ಅಸಲು ದಸ್ತಾವೇಜು ಕೊಟ್ಟರೆ ರಶೀದಿ ಪಡೆಯಿರಿ.

ವಕೀಲರ ತಪ್ಪಿನಿಂದ ಅಮಾಯಕ ಕಕ್ಷಿದಾರ ಕೆಡಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ಎಂಬವರ ಪ್ರಕರಣದಲ್ಲಿ ಹೇಳಿತ್ತು. ಆದರೆ ಅದನ್ನೇ ನಂಬಿ ಮಲಗಬಾರದು. ಕಕ್ಷಿದಾರನೂ ಎಚ್ಚರವಾಗಿದ್ದನೇ ಎಂದು ನ್ಯಾಯಾಲಯಗಳು ನೋಡುತ್ತವೆ.

ವಿಶ್ವಾಸ ಕೆಟ್ಟರೆ ವಕೀಲರನ್ನು ಬದಲಾಯಿಸುವ ಹಕ್ಕು ತಮಗಿದೆ. ಹಿಂದಿನವರಿಂದ ಒಪ್ಪಿಗೆ ಬರೆಯಿಸಿಕೊಳ್ಳುವುದು ರೂಢಿ. ಸಿಗದಿದ್ದರೆ ನ್ಯಾಯಾಲಯದ ಅನುಮತಿ ಪಡೆಯಬಹುದು. ಫೀಸು ಬಾಕಿ ಎಂಬ ಕಾರಣಕ್ಕೆ ವಕೀಲರು ಕಡತ ತಡೆದಿಡುವಂತಿಲ್ಲವೆಂದು 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗೆಂದು ನ್ಯಾಯವಾದ ಫೀಸನ್ನು ಉಳಿಸಿಕೊಳ್ಳುವುದು ಮರ್ಯಾದೆಯಲ್ಲ. ದುರ್ನಡತೆಯ ದೂರನ್ನು ರಾಜ್ಯ ಬಾರ್ ಕೌನ್ಸಿಲಿಗೆ ಕೊಡಬೇಕು. ವಕೀಲರ ಸೇವೆ ಗ್ರಾಹಕ ಕಾಯಿದೆಯೊಳಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಿನಲ್ಲಿ ತೀರ್ಪಾಗಿದೆ.

ಖರ್ಚಿಗೆ ಅನುಕೂಲವಿಲ್ಲದವರಿಗೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನಿಗದಿತ ಮಿತಿಗಿಂತ ಕಡಿಮೆ ವರಮಾನವುಳ್ಳ ಇತರರಿಗೂ ಇದು ದೊರೆಯುತ್ತದೆ. ಕಾಸರಗೋಡಿನಲ್ಲಿಯೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀಸು ಹಿಂದಕ್ಕೆ ಬರುತ್ತದೆ. ಅಲ್ಲಿನ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬೆಲೆಯಿದೆ ಮತ್ತು ಅದರ ಮೇಲೆ ಮೇಲ್ಮನವಿ ಇಲ್ಲ. ಆದುದರಿಂದ ಒಪ್ಪಂದವನ್ನು ಪೂರ್ತಿ ಓದಿಸಿ, ಅರ್ಥವಾದ ಮೇಲೆಯೇ ರುಜು ಹಾಕಿರಿ.

ಕೊನೆಯ ಮಾತು

ನಮ್ಮ ತೋಟಕ್ಕೆ ಇಂದಿಗೂ ಆ ತೋಡಿನ ನೀರು ಸರದಿಯಂತೆ ಬರುತ್ತಿದೆ. ದಾವೆ ಹೂಡಿದ ನೆರೆಯವರ ಮಗ ಈಗ ನಮ್ಮ ಮನೆಯ ಶುಭಕಾರ್ಯಕ್ಕೆ ಬರುತ್ತಾರೆ. ಒಳ್ಳೆಯ ವಕೀಲರು ಕೇಸು ನಡೆಸುವುದಷ್ಟೇ ಅಲ್ಲ, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಹೇಳುತ್ತಾರೆ. ಈ ಹಂಗಾಮಿನ ಕಟಾವು ಮುಗಿದು ಬಿಡುವು ದೊರೆತಾಗ, ಸದಸ್ಯರು ಒಮ್ಮೆ ಪೆಟ್ಟಿಗೆಯಲ್ಲಿರುವ ಕಾಗದಪತ್ರಗಳನ್ನು ಹೊರತೆಗೆದು, ಹಳೆಯ ಮತ್ತು ಹೊಸ ಸರ್ವೆ ನಂಬ್ರಗಳನ್ನು ಹೋಲಿಸಿ ನೋಡಬೇಕಾಗಿ ಕೋರುತ್ತೇನೆ. ತಕರಾರು ಬರುವ ಮೊದಲೇ ಮಾಡಬೇಕಾದ ಕೆಲಸ ಇದು.

ಕಬ್ಬು ಅಭಿವೃದ್ಧಿ ಅಧಿಕಾರಿ