ಮನೆಯಲ್ಲೇ ಮಾಡಿದ್ದು, ಸರಿ, ಮಾಡಿದವರು ಯಾರು?

‘ಮನೆಯಲ್ಲೇ ತಯಾರಿಸಿದ್ದು’ ಎಂಬ ಮಾತು ಈಗ ಅಂಗಡಿಯಲ್ಲಿ ಮಾರಾಟಕ್ಕಿದೆ. ಚಟ್ನಿಪುಡಿಯ ಪೊಟ್ಟಣದ ಮೇಲೆ, ಕೊಬ್ಬರಿ ಎಣ್ಣೆಯ ಶೀಶೆಯ ಮೇಲೆ, ಸಾಬೂನಿನ ಮೇಲೆ, ಕಡೆಗೆ ಬಟ್ಟೆಯ ಕೈಚೀಲದ ಮೇಲೂ ಅದು ಅಚ್ಚಾಗಿರುತ್ತದೆ. ಅಕ್ಷರಗಳು ಬೇಕೆಂದೇ ತುಸು ಸೊಟ್ಟಗಿರುತ್ತವೆ. ಪಕ್ಕದಲ್ಲಿ ಸೆರಗು ಹೊದ್ದ ಅಜ್ಜಿಯೊಬ್ಬರ ಚಿತ್ರ. ಪೊಟ್ಟಣವನ್ನು ತಿರುಗಿಸಿ ನೋಡಿದರೆ ಯಾವುದೋ ಕೈಗಾರಿಕಾ ಪ್ರದೇಶದ ವಿಳಾಸ. ನಾನು ಹುಟ್ಟಿ ಬೆಳೆದ ಧಾರವಾಡದ ಕಡೆಯ ಮನೆಗಳಲ್ಲಿ ಈ ಮಾತನ್ನು ಯಾರೂ ಆಡುತ್ತಿರಲಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ, ಶೇಂಗಾ ಚಟ್ನಿ, ದೀಪದ ಬತ್ತಿ, ಹೊದೆಯುವ ಕೌದಿ ಇವೆಲ್ಲ ಮನೆಯಲ್ಲೇ ಆಗುತ್ತಿದ್ದುದರಿಂದ ಹಾಗೆಂದು ಹೇಳಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗೆಂದು ಹಿಂದಿನದೆಲ್ಲ ಬಂಗಾರ ಎನ್ನುವವರ ಸಾಲಿಗೆ ನಾನು ಸೇರಿದವಳಲ್ಲ. ಬೀಸುವ ಕಲ್ಲನ್ನು ಹೊಗಳುವವರು ಸಾಮಾನ್ಯವಾಗಿ ಅದನ್ನು ತಿರುಗಿಸಿದವರಾಗಿರುವುದಿಲ್ಲ. ನಮ್ಮ ಅವ್ವನ ಅಂಗೈಯ ಗಂಟುಗಳನ್ನು ಕಂಡಿರುವ ನನಗೆ ಮಿಕ್ಸಿ, ಗ್ಯಾಸ್ ಒಲೆ, ಬಟ್ಟೆ ಒಗೆಯುವ ಯಂತ್ರಗಳ ಬಗ್ಗೆ ಗೌರವವೇ ಇದೆ. ಆದರೂ ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮೇಲೆ ಕೆಲವನ್ನು ಮತ್ತೆ ಮನೆಯೊಳಗೆ ಕರೆದುಕೊಂಡಿದ್ದೇನೆ. ಯಾವುದು ಕರೆದುಕೊಳ್ಳಲು ಯೋಗ್ಯ, ಯಾವುದು ಬರಿಯ ಶೋಕಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕಾಗುತ್ತದೆ.

ರಾಗಿಯನ್ನೇ ತೆಗೆದುಕೊಳ್ಳಿ. ಜೋಳದ ನಾಡಿನವಳಾದ ನಾನು ರಾಗಿಯನ್ನು ಕಲಿತದ್ದು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ, ಅತ್ತೆಯವರ ಕೈಕೆಳಗೆ. ಕಲ್ಲು ಕಡ್ಡಿ ಆರಿಸಿ ತೊಳೆದ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟರೆ ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆ ಇಣುಕುತ್ತದೆ. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಗಿರಣಿಗೆ ಕೊಟ್ಟು ತಂದರೆ ತಿಂಗಳ ಮಾಲ್ಟ್ ಸಿದ್ಧ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಬರಿಸಿದಾಗ ಅದರಲ್ಲಿನ ಫೈಟಿಕ್ ಆಮ್ಲ ತಗ್ಗಿ, ಖನಿಜಾಂಶಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಫೈಟಿಕ್ ಆಮ್ಲದ ಹೆಸರು ಅತ್ತೆಯವರಿಗೆ ಗೊತ್ತಿರಲಿಲ್ಲ. ಮೊಳಕೆ ಕಟ್ಟದ ರಾಗಿಯನ್ನು ಮಗುವಿಗೆ ಕೊಡಬಾರದು ಎಂಬುದು ಮಾತ್ರ ಗೊತ್ತಿತ್ತು.

ಇದೇ ಕೆಲಸಕ್ಕೆಂದು ಬಣ್ಣಬಣ್ಣದ ಡಬ್ಬಿಗಳಲ್ಲಿ ಬರುವ ಪುಡಿಗಳನ್ನು ನಾವು ‘ಆರೋಗ್ಯ ಪೇಯ’ ಎಂದು ನಂಬಿ ಎಷ್ಟು ವರ್ಷ ಮಕ್ಕಳಿಗೆ ಕುಡಿಸಿದೆವು! 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವರ್ಗದಿಂದ ತೆಗೆದುಹಾಕುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಕಾರಣ ಸರಳ: ಆಹಾರ ಸುರಕ್ಷತೆಯ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯು ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ರಷ್ಟು ಅನಾರೋಗ್ಯಕರ ಆಹಾರದಿಂದಲೇ ಬಂದದ್ದು ಎಂದು ಅಂದಾಜಿಸಿತು. ಇಷ್ಟರ ಮೇಲೆ ತಿಂಗಳಿಗೊಮ್ಮೆ ರಾಗಿ ಗಂಟು ಕಟ್ಟುವುದನ್ನು ಶೋಕಿ ಎನ್ನಲಾಗದು. ಇದಕ್ಕೆ ತಗಲುವ ಕೈಕೆಲಸ ಎಲ್ಲ ಸೇರಿ ಎರಡು ಗಂಟೆ. ಉಳಿದದ್ದನ್ನು ಮೊಳಕೆಯೇ ನೋಡಿಕೊಳ್ಳುತ್ತದೆ. ಆದರೆ ಶಾವಿಗೆ ಹೊಸೆಯುವ ಗೋಜಿಗೆ ನಾನು ಹೋಗುವುದಿಲ್ಲ. ಹತ್ತು ಹೆಂಗಸರು ಕೂಡಿ ಹಾಡುತ್ತ ಮಾಡುತ್ತಿದ್ದ ಕೆಲಸವನ್ನು ಮೂರನೇ ಮಹಡಿಯಲ್ಲಿ ಒಬ್ಬಳೇ ಕುಳಿತು ಮಾಡುವುದು ದಂಡವೇ ಸರಿ.

ತಾರಸಿಯ ಕೈತೋಟದ ವಿಚಾರದಲ್ಲೂ ಒಂದಿಷ್ಟು ನಿಷ್ಠುರ ಬೇಕು. ಹದಿನೈದು ಕುಂಡಗಳಲ್ಲಿ ಸಂಸಾರಕ್ಕಾಗುವಷ್ಟು ತರಕಾರಿ ಬೆಳೆಯುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. ನನ್ನ ತಾರಸಿ ಕೊಡುವುದು ಕರಿಬೇವು, ದೊಡ್ಡಪತ್ರೆ, ಹಸಿಮೆಣಸು, ಕೊತ್ತಂಬರಿ, ಒಂದು ಚಪ್ಪರ ಬಸಳೆ, ಆಗೀಗ ಹರಿವೆ ಮತ್ತು ಮೆಂತ್ಯದ ಸೊಪ್ಪು. ತೊಂಡೆಬಳ್ಳಿ ಮನಸ್ಸು ಬಂದಾಗ ಕಾಯಿ ಬಿಡುತ್ತದೆ. ತರಕಾರಿ ಅಂಗಡಿಯ ಖರ್ಚಿನಲ್ಲಿ ಇದರಿಂದ ಆಗುವ ಉಳಿತಾಯ ಹೇಳಿಕೊಳ್ಳುವಂಥದ್ದಲ್ಲ.

ಉಳಿಯುವುದು ಬೇರೆ. ನಮ್ಮಿಬ್ಬರ ಮನೆಯಿಂದ ದಿನಕ್ಕೆ ಸುಮಾರು ಅರ್ಧ ಕೆ.ಜಿ. ಹಸಿ ಕಸ ಹೊರಡುತ್ತಿತ್ತು. ಈಗ ಅದು ಮೆಟ್ಟಿಲು ಇಳಿಯುವುದಿಲ್ಲ. ತೂತು ಕೊರೆದ ಮಣ್ಣಿನ ಮಡಕೆಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಮೇಲಷ್ಟು ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ಕೆದಕಬೇಕು. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ. ಇನ್ನೆರಡು ಹಿಡಿ ಒಣ ಎಲೆ ಹಾಕಿದರೆ ಸರಿಹೋಗುತ್ತದೆ. ಒಂದೂವರೆ, ಎರಡು ತಿಂಗಳಿಗೆ ಕಪ್ಪನೆಯ, ಮೊದಲ ಮಳೆಯ ಮಣ್ಣಿನಂತೆ ಘಮಿಸುವ ಗೊಬ್ಬರ ಕೈಗೆ ಬರುತ್ತದೆ. ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಾಗ ಬೆಂಗಳೂರಿನ ಬೀದಿಗಳು ನಾರಿದ್ದು, 2014ರಲ್ಲಿ ಮಂಡೂರಿನ ಜನ ನಮ್ಮ ಕಸ ಬೇಡವೆಂದು ರಸ್ತೆಗಿಳಿದದ್ದು ನೆನಪಿದ್ದವರಿಗೆ ಈ ಮಡಕೆಯ ಅರ್ಥ ತಿಳಿದೀತು. ನಾವು ತಿಂದು ಬಿಸಾಡಿದ ಬಾಳೆಹಣ್ಣಿನ ಸಿಪ್ಪೆ ಇನ್ನೊಂದು ಊರಿನ ಬಾವಿಯ ನೀರನ್ನು ಕೆಡಿಸುತ್ತದೆ ಎಂಬುದು ಯಾವ ಕಾವ್ಯನ್ಯಾಯ?

ಈಗ ಸೂಜಿಯ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಹೃದಯಕ್ಕೆ ಹತ್ತಿರವಾದದ್ದು. ನಮ್ಮ ಕಡೆಯ ಕಸೂತಿಗೆ ಲೋಕದಲ್ಲಿ ಹೆಸರಿದೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬ ಹೊಲಿಗೆಗಳ ಬಗ್ಗೆ ಪುಸ್ತಕಗಳಿವೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಕೌದಿಗೆ ಆ ಭಾಗ್ಯವಿಲ್ಲ. ಕಸೂತಿ ಇಳಕಲ್ ಸೀರೆಯ ಮೇಲೆ ಮೆರೆಯಿತು. ಕೌದಿ ಅದೇ ಸೀರೆ ಹರಿದ ಮೇಲೆ ಹುಟ್ಟಿತು. ಉಡಲು ಬಾರದ ಸೀರೆ, ಧೋತರ, ಅಂಗಿ, ಲಂಗದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಒಳಕ್ಕೆ ಸಾಲು ಸಾಲಾಗಿ ಸಣ್ಣ ಓಟದ ಹೊಲಿಗೆ ಹಾಕುತ್ತ ಬರುವುದು. ಮಧ್ಯದವರೆಗೆ ಬಂದಾಗ ಎಷ್ಟೋ ಪದರಗಳು ಒಂದೇ ದೇಹವಾಗಿರುತ್ತವೆ. ಬೇಸಿಗೆಯಲ್ಲಿ ಹಾಸಿಕೊಳ್ಳಲು, ಚಳಿಯಲ್ಲಿ ಹೊದೆಯಲು ಒಂದೇ ಕೌದಿ. ಅಜ್ಜಿಯ ಸೀರೆಯ ಯಾವ ತುಂಡು ಎಲ್ಲಿದೆ ಎಂದು ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತಿತ್ತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದವರು ಮರೆಯಲಾರರು. ಆಫ್ರಿಕಾ ಮೂಲದ ಈ ಜನ ಕನ್ನಡ ನೆಲಕ್ಕೆ ಬಂದು ಶತಮಾನಗಳೇ ಆದವು. ಒಂದು ಮೂಲೆಯಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುವ ಅವರ ಹೊಲಿಗೆ, ಎದ್ದು ಕಾಣುವ ಕೆಂಪು, ಹಳದಿಯ ಚೌಕಗಳು, ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಿಸಿ ಇಡುವ ‘ಹೂವು’. ಈ ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಹೊದ್ದು ಮಲಗುವ ವಸ್ತುವಿಗೂ ಮಾನ ಮುಚ್ಚಬೇಕೆಂದು ಬಗೆದ ಸಂಸ್ಕೃತಿ ಅದು.

ಇಂದು ಕೌದಿ ಹೊಲಿಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಕೌಶಲದ್ದಲ್ಲ, ಬಟ್ಟೆಯದು. ನಮ್ಮ ಕಪಾಟುಗಳಲ್ಲಿರುವುದರಲ್ಲಿ ಬಹುಪಾಲು ಪಾಲಿಯೆಸ್ಟರ್. ಅದು ಬೆವರು ಹೀರದು, ಹಳತಾದಂತೆ ಮೆತ್ತಗಾಗದು, ಪದರ ಹಾಸಿದರೆ ಒಂದರ ಮೇಲೊಂದು ಜಾರುತ್ತದೆ. ಹತ್ತಿಯ ಸೀರೆ ಇಪ್ಪತ್ತು ವರ್ಷ ಒಗೆಸಿಕೊಂಡು ಪಡೆಯುತ್ತಿದ್ದ ಮಾರ್ದವವನ್ನು ಯಾವ ಹೊಸ ಬಟ್ಟೆಯೂ ಕೊಡಲಾರದು. ಹಳೆಯ ಹತ್ತಿ ಬಟ್ಟೆಗಾಗಿ ನಾನು ಬಂಧುಗಳ ಮನೆ ಮನೆ ಅಲೆದಿದ್ದುಂಟು. ‘ಹೊಸ ಸೀರೆ ಕೊಡುತ್ತೇವೆ, ಹಳೆಯದು ಯಾಕೆ?’ ಎಂದು ನಕ್ಕವರೂ ಉಂಟು. ಅಳಿದುಳಿದ ಚೂರುಗಳಿಂದ ಕೈಚೀಲಗಳಾಗುತ್ತವೆ. ಪ್ಲಾಸ್ಟಿಕ್ ಚೀಲಗಳಿಗೆ ನಮ್ಮ ರಾಜ್ಯ 2016ರಲ್ಲೇ ನಿಷೇಧ ಹಾಕಿತು. ನಿಷೇಧ ಕಾಗದದ ಮೇಲಿದೆ, ಚೀಲ ಇನ್ನೂ ಸಂತೆಯಲ್ಲಿದೆ. ಆ ಕಥೆ ಓದುಗರಿಗೆ ಗೊತ್ತಿರುವಂಥದ್ದೇ.

ಇಲ್ಲಿಯವರೆಗೆ ಓದಿದ ಗೃಹಸ್ಥರಿಗೆ ಖುಷಿಯಾಗಿರಬಹುದು. ‘ನೋಡು, ಎಷ್ಟು ಚೆನ್ನಾಗಿ ಬರೆದಿದ್ದಾರೆ, ನಾವೂ ಹೀಗೆ ಬದುಕಬೇಕು’ ಎಂದು ಪತ್ರಿಕೆಯನ್ನು ಹೆಂಡತಿಯ ಕೈಗೆ ಕೊಡುವ ಮುನ್ನ ಅವರು ಒಂದು ಅಂಕಿಅಂಶವನ್ನು ಗಮನಿಸಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಹಾಗೆ ತೊಡಗುವ ಗಂಡು ಕೊಡುವುದು 88 ನಿಮಿಷ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಕಡಿಮೆಯಾಯಿತೆಂದು ಸಂತೋಷಪಡೋಣವೆಂದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ!

ಸರಳ ಬದುಕಿನ ಹೆಸರಿನಲ್ಲಿ ಈ 289ಕ್ಕೆ ಇನ್ನೊಂದು ಗಂಟೆ ಕೂಡಿಸುವುದಾದರೆ ಅದು ಯಾರಿಗೆ ಸರಳ? ಮನೆಯ ಊಟವೇ ಶ್ರೇಷ್ಠ ಎಂಬ ಘೋಷಣೆಯ ಹಿಂದೆ ದುಡಿಯುವ ಹೆಣ್ಣುಮಗಳನ್ನು ಮತ್ತೆ ಒಲೆಯ ಮುಂದೆ ಕೂರಿಸುವ ಆಸೆ ಅಡಗಿರುವುದನ್ನು ನಾನು ಅನೇಕ ಸಭೆಗಳಲ್ಲಿ ಕಂಡಿದ್ದೇನೆ. ಹಾಗೆ ಮಾತನಾಡಿದವರಲ್ಲಿ ಒಬ್ಬರಾದರೂ ರಾಗಿಯಲ್ಲಿ ಕಲ್ಲು ಆರಿಸಿದವರಿರಲಿಲ್ಲ. ನಮ್ಮ ಮನೆಯಲ್ಲಿ ಮಡಕೆ ಕೆದಕುವುದು, ಗಿರಣಿಗೆ ಹೋಗಿಬರುವುದು, ಗುಂಡಿ ಹೊಲಿಯುವುದು ಯಜಮಾನರ ಪಾಲಿಗೆ. ಗುಂಡಿ ಹೊಲಿಯುವುದನ್ನು ಅವರು ಅರವತ್ತೆರಡನೆಯ ವಯಸ್ಸಿನಲ್ಲಿ ಕಲಿತರು. ಅದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು.

ಇನ್ನೊಂದು ಮುಖವೂ ಇದಕ್ಕಿದೆ. ಎಲ್ಲರೂ ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಲಾಗದು. ಬೇರೆಯವರ ಕೈಯಿಂದ ಮಾಡಿಸಿಕೊಳ್ಳಬೇಕು, ಕೊಳ್ಳಬೇಕು. ಆಗ ಆ ಕೈಗೆ ಎಷ್ಟು ಕೊಡುತ್ತೇವೆ? ಗಾಂಧೀಜಿ ಭೇಟಿ ನೀಡಿದ್ದ ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರದಲ್ಲಿ ರಂಗಕರ್ಮಿ ಪ್ರಸನ್ನ 2015ರಲ್ಲಿ ಸತ್ಯಾಗ್ರಹ ಕೂತದ್ದು ಈ ಪ್ರಶ್ನೆಯನ್ನು ಹಿಡಿದೇ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ಕರವಿರಲಿ ಎಂದು ಅವರು ಉಪವಾಸವನ್ನೂ ಮಾಡಿದರು. ಕೈಯಿಂದ ಮಾಡಿದ್ದು ದುಬಾರಿ ಎಂದು ಮೂಗು ಮುರಿಯುವ ನಾವು, ಯಂತ್ರದ್ದು ಅಗ್ಗವಾಗಿರುವುದರ ಹಿಂದೆ ಎಷ್ಟು ರಿಯಾಯಿತಿ, ಎಷ್ಟು ಸಾಲ, ಎಷ್ಟು ಕೆಟ್ಟ ನೀರು ಇದೆ ಎಂದು ಕೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕುಂದಗೋಳದ ಕಡೆಯಿಂದ ಕೌದಿ ಹೊಲಿಯುವ ಹೆಂಗಸೊಬ್ಬರು ಬೆಂಗಳೂರಿನ ಮಗಳ ಮನೆಗೆ ಬಂದಿದ್ದರು. ನಮ್ಮ ಕಟ್ಟಡದ ನಾಲ್ಕಾರು ಮನೆಯವರು ತಮಗೂ ಒಂದೊಂದು ಬೇಕೆಂದರು. ಕೂಲಿಯ ಮಾತು ಬಂದಾಗ ಆಕೆ ಒಂದಕ್ಕೆ ನಾಲ್ಕು ಸಾವಿರ ಕೇಳಿದರು. ‘ಹಳೆಯ ಸೀರೆ ನಮ್ಮದೇ ಅಲ್ಲವೇ? ಬರೀ ಹೊಲಿಗೆಗೆ ಅಷ್ಟೊಂದೇ?’ ಎಂದು ಕೆಳಮನೆಯವರು ಹುಬ್ಬೇರಿಸಿದರು. ಆಕೆ ಜಗಳಕ್ಕೆ ಬರಲಿಲ್ಲ. ‘ಅಕ್ಕಾರ, ದಿನಾ ನಾಕು ತಾಸು ಕುಂತ್ರ ಒಂದು ಕೌದಿಗೆ ಇಪ್ಪತ್ತು ದಿನಾ ಬೇಕ್ರಿ. ನೀವ ಲೆಕ್ಕಾ ಹಾಕ್ರಿ’ ಎಂದು ಸೂಜಿಗೆ ದಾರ ಪೋಣಿಸತೊಡಗಿದರು. ಲೆಕ್ಕ ಹಾಕಿದೆವು: ತಾಸಿಗೆ ಐವತ್ತು ರೂಪಾಯಿ. ಕೆಳಮನೆಯವರು ಮರುದಿನ ಮೂರು ಹತ್ತಿಯ ಸೀರೆ ಕಳಿಸಿಕೊಟ್ಟರು. ಐದು ಕೌದಿಗಳಿಗೆ ಮುಂಗಡ ಸೇರಿತು. ಒಂದು ಮನೆಯವರು ಹಿಂದೆ ಸರಿದರು. ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗನೊಬ್ಬ ಭಾನುವಾರಗಳಲ್ಲಿ ಬಂದು ಆಕೆಯ ಪಕ್ಕ ಕುಳಿತು ಒಂದು ಮೂಲೆಯ ಹೂವು ಮಡಿಸುವುದನ್ನು ಕಲಿಯುತ್ತಿದ್ದ. ಅವನ ಹೊಲಿಗೆ ಇನ್ನೂ ಸೊಟ್ಟಗಿದೆ. ಆಕೆ ಅದನ್ನು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು.