ವಸ್ತುಸಂಗ್ರಹಾಲಯದ ನೌಕರಿಯೂ ನಮ್ಮ ಗಿರಣಿಯ ಸಂದರ್ಶನವೂ

ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ ಎಂಬುದು ಬೇಳೆ ಗಿರಣಿ ಹಾಗೂ ಸಣ್ಣ ಕೈಗಾರಿಕೆಗಳನ್ನು ನಡೆಸುವ ನಮ್ಮ ಸದಸ್ಯರ ಸಾಮಾನ್ಯ ದೂರು. ಇತ್ತ ಐ.ಟಿ.ಐ. ಮುಗಿಸಿದ ಯುವಕರು ಪ್ರಮಾಣಪತ್ರ ಹಿಡಿದು ಅಲೆಯುತ್ತಿದ್ದಾರೆ. ಕೊರತೆ ಇರುವುದು ಜನರಲ್ಲಿಯೋ, ಅವರನ್ನು ಆರಿಸುವ ನಮ್ಮ ವಿಧಾನದಲ್ಲಿಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ನಗರದ ವಸ್ತುಸಂಗ್ರಹಾಲಯಗಳ ನೇಮಕಾತಿಯತ್ತ ಒಮ್ಮೆ ನೋಡಬಹುದು.

ಸೇಡಂ ರಸ್ತೆಯ ಹಳೆಯ ಗುಮ್ಮಟಗಳಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು ರಾಜ್ಯ ಸರ್ಕಾರದ ಅಧೀನದಲ್ಲಿದೆ. 1984ರಲ್ಲಿ ಆರಂಭವಾದ ಜಿಲ್ಲಾ ವಿಜ್ಞಾನ ಕೇಂದ್ರವು ಕೇಂದ್ರದ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದೆ. ಇಂತಹ ಸಂಸ್ಥೆಗಳಲ್ಲಿ ಪಂಡಿತರಿಗೆ ಮಾತ್ರ ಕೆಲಸವೆಂಬ ಭಾವನೆ ಸರಿಯಲ್ಲ. ವಿಜ್ಞಾನ ಕೇಂದ್ರದ ಮಾದರಿಗಳು ಮಕ್ಕಳ ಕೈಯಲ್ಲಿ ದಿನವಿಡೀ ತಿರುಗುವಂಥವು. ಅವನ್ನು ತಯಾರಿಸಿ ದುರಸ್ತಿ ಮಾಡಲು ಫಿಟ್ಟರ್, ಬಡಗಿ, ಎಲೆಕ್ಟ್ರಿಷಿಯನ್ ಬೇಕು. ಅಂದರೆ ನಮ್ಮ ಕಾರ್ಖಾನೆಗಳಿಗೆ ಬೇಕಾದ ಕುಶಲಕರ್ಮಿಗಳೇ ಅಲ್ಲಿಯೂ ಬೇಕು.

ಸಂದರ್ಶನ ರದ್ದಾದ ಬಗೆ

2015ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಮಂತ್ರಿಯವರು ಕೆಳಹಂತದ ಹುದ್ದೆಗಳಿಗೆ ಸಂದರ್ಶನದ ಅಗತ್ಯವನ್ನೇ ಪ್ರಶ್ನಿಸಿದರು. ಅದರಂತೆ 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಸಿ’ ವರ್ಗದ ಹಾಗೂ ಗೆಜೆಟೆಡ್ ಅಲ್ಲದ ‘ಬಿ’ ವರ್ಗದ ಹುದ್ದೆಗಳಿಗೆ ಸಂದರ್ಶನ ರದ್ದಾಯಿತು. ವಿಜ್ಞಾನ ಸಂಗ್ರಹಾಲಯಗಳ ತಂತ್ರಜ್ಞ ಹುದ್ದೆಗೆ ಈಗ ಲಿಖಿತ ಪರೀಕ್ಷೆ ಮತ್ತು ವೃತ್ತಿ ಕೌಶಲ ಪರೀಕ್ಷೆ ಇವೆ. ಕೌಶಲ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು. ಆಯ್ಕೆಯ ಕ್ರಮಾಂಕ ಲಿಖಿತ ಪರೀಕ್ಷೆಯ ಅಂಕಗಳಿಂದ ನಿರ್ಧಾರವಾಗುತ್ತದೆ. ‘ಎ’ ವರ್ಗದ ಹುದ್ದೆಗಳಿಗೆ ಈ ಆದೇಶ ಅನ್ವಯಿಸದು.

ಅರ್ಜಿ ಹಾಕಿದವರೊಡನೆ ಮಾತನಾಡಿದರೆ ಎರಡು ಬಗೆಯ ಅನುಭವಗಳು ಕೇಳಿಬರುತ್ತವೆ. ದೂರದ ಪರೀಕ್ಷಾ ಕೇಂದ್ರ, ಬಸ್ಸು ಚಾರ್ಜು, ಫಲಿತಾಂಶಕ್ಕಾಗಿ ದೀರ್ಘ ಕಾಯುವಿಕೆ ಇವೆಲ್ಲ ಬೇಸರದ ಸಂಗತಿಗಳು. ಆದರೆ ಕಮಲಾಪುರದ ಕಡೆಯ ಒಬ್ಬ ಫಿಟ್ಟರ್ ಯುವಕನು ಹೇಳಿದ್ದು ಗಮನಾರ್ಹ. ಕೌಶಲ ಪರೀಕ್ಷೆಯಲ್ಲಿ ಆತ ಉತ್ತೀರ್ಣನಾಗಲಿಲ್ಲ. ಆದರೂ ತನ್ನ ಅಳತೆ ಎಲ್ಲಿ ತಪ್ಪಿತೆಂಬುದು ಆತನಿಗೆ ಸ್ಪಷ್ಟವಾಗಿ ತಿಳಿದಿತ್ತು. ಮನಸ್ಸಿನಲ್ಲಿ ಕಹಿ ಇರಲಿಲ್ಲ. ಅದೇ ಯುವಕನಿಗೆ ಒಂದು ಖಾಸಗಿ ಘಟಕದಲ್ಲಿ ಯಾವ ಊರು, ಯಾರ ಮಗ, ಯಾರ ಪರಿಚಯ ಎಂದು ಕೇಳಿದರಂತೆ. ಯಂತ್ರದ ಬಳಿಗೆ ಕರೆದೊಯ್ಯಲಿಲ್ಲ, ಸಂಬಳ ತಿಳಿಸಲಿಲ್ಲ. ನಾಳೆ ಹೇಳುತ್ತೇವೆಂದವರು ಇಂದಿಗೂ ಹೇಳಿಲ್ಲ.

ಲೆಕ್ಕಕ್ಕೆ ಬಾರದ ನಷ್ಟ

ಚೀಲಕ್ಕೆ ಕೈಹಾಕಿ ಕಾಳು ನೋಡದೆ ಒಂದು ಕ್ವಿಂಟಾಲ್ ತೊಗರಿಯನ್ನೂ ಕೊಳ್ಳದ ನಾವು, ಕೈಕೆಲಸ ನೋಡದೆಯೇ ಮನುಷ್ಯನನ್ನು ನೇಮಿಸಿಕೊಳ್ಳುತ್ತೇವೆ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ಸಂಬಳದ ಕೆಲಸಗಾರನು ಕೆಲಸ ಕಲಿಯುವ ಮೂರು ತಿಂಗಳಲ್ಲಿಯೇ ಬಿಟ್ಟುಹೋದನೆಂದು ಭಾವಿಸೋಣ. ಸಂಬಳದ ರೂಪದಲ್ಲಿಯೇ 45,000 ರೂಪಾಯಿ ವೆಚ್ಚವಾಗಿರುತ್ತದೆ. ಕೆಟ್ಟ ಮಾಲು, ನಿಂತ ಯಂತ್ರ, ಮೇಸ್ತ್ರಿಯ ಸಮಯ ಇವು ಬೇರೆ. ತಪ್ಪು ಆಯ್ಕೆಯ ನಷ್ಟವೆಂಬ ಖಾತೆ ಯಾವ ಲೆಡ್ಜರಿನಲ್ಲಿಯೂ ಇಲ್ಲದ ಕಾರಣ ಅದು ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ನಾವು ಮಾಡಬಹುದಾದುದು

1. ಹುದ್ದೆಯ ಕೆಲಸ, ವೇಳೆ, ಸಂಬಳ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅಭ್ಯರ್ಥಿಗೆ ಮೊದಲೇ ಕೊಡಬೇಕು.

2. ಅರ್ಧ ಗಂಟೆಯ ಕೆಲಸದ ಪರೀಕ್ಷೆ ಇರಲಿ. ಫಿಟ್ಟರ್‌ಗೆ ಒಂದು ಜೋಡಣೆ, ಗುಮಾಸ್ತನಿಗೆ ಹತ್ತು ವೋಚರುಗಳ ದಾಖಲೆ ಸಾಕು. ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಅಂಕಪಟ್ಟಿ. ಪರೀಕ್ಷೆಯ ನೆಪದಲ್ಲಿ ದಿನವಿಡೀ ದುಡಿಸಿಕೊಂಡರೆ ಆ ದಿನದ ಕೂಲಿ ಕೊಡುವುದು ನ್ಯಾಯ.

3. ಆಯ್ಕೆಯಾಗದವರಿಗೂ ನಿಗದಿತ ದಿನದೊಳಗೆ ದೂರವಾಣಿಯಲ್ಲಿ ತಿಳಿಸಬೇಕು. ಇಂದು ಬೇಡವಾದವನು ಮುಂದಿನ ಹಂಗಾಮಿಗೆ ಬೇಕಾಗಬಹುದು.

4. ಆಯ್ಕೆಯಾದವರಿಗೆ ನೇಮಕಾತಿ ಪತ್ರ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೆ ವಿಶೇಷ ಒತ್ತು ನೀಡಿವೆ.

ಪರೀಕ್ಷೆಯೊಂದರಿಂದಲೇ ಮನುಷ್ಯನ ನಡತೆ, ಸಮಯಪಾಲನೆ ತಿಳಿಯವು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಣ್ಣ ಘಟಕದಲ್ಲಿ ನಂಬಿಕೆಯೂ ಬಂಡವಾಳವೇ. ಆದ್ದರಿಂದ ಪರಿಚಯಸ್ಥರ ಮಾತನ್ನು ಕೇಳೋಣ. ಆದರೆ ಕೈಕೆಲಸ ನೋಡಿದ ಬಳಿಕ ಕೇಳೋಣ. ಸರ್ಕಾರಿ ಪರೀಕ್ಷೆಯ ವಿಳಂಬ ನಮಗೆ ಬೇಕಿಲ್ಲ. ಒಂದೇ ದಿನದಲ್ಲಿ ನಿರ್ಧರಿಸುವ ಅನುಕೂಲ ನಮಗುಂಟು. ಅದಕ್ಕೆ ನ್ಯಾಯವಾದ ಪರೀಕ್ಷೆಯೂ ಜೊತೆಯಾದರೆ, ಮನೆಯ ಹತ್ತಿರವೇ ದುಡಿಯಬಯಸುವ ನಮ್ಮ ಭಾಗದ ಯುವಕರು ನಮ್ಮ ಬಾಗಿಲಿಗೇ ಬಂದಾರು.