ನಿವೃತ್ತಿಯ ಹಣ ಮತ್ತು ಯಂತ್ರದ ಲೆಕ್ಕ

(ಆಕಾಶವಾಣಿ ಭಾಷಣ)

ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಸೀಮೆ ಬತ್ತದ ನಾಡಾಯಿತು. ಶ್ರೀರಾಮನಗರ ಆ ನೀರಿನ ಜೊತೆಗೇ ಬೆಳೆದ ಊರು. ಇಲ್ಲಿ ಗದ್ದೆಯನ್ನು ನಂಬಿದವರಿರುವಂತೆ ಶಾಲೆ, ಬ್ಯಾಂಕು, ಕಚೇರಿಗಳ ಸಂಬಳವನ್ನು ನಂಬಿ ಬದುಕಿದವರೂ ಇದ್ದಾರೆ. ಒಕ್ಕಲಿಗನಿಗೆ ನೀರು ಒದಗಿದರೆ ವರ್ಷಕ್ಕೆ ಎರಡು ಸುಗ್ಗಿ. ನೌಕರಿ ಮಾಡಿದವನಿಗಾದರೋ ಆಯುಷ್ಯದಲ್ಲಿ ಒಂದೇ ಸುಗ್ಗಿ. ಅದು ನಿವೃತ್ತಿಯ ದಿನ ಕೈಗೆ ಬರುವ ಇಡಿಗಂಟು. ಮಗಳ ಮದುವೆ, ಮನೆಯ ಮೇಲಿನ ಸಾಲ, ಮುಂದಿನ ಔಷಧೋಪಚಾರ ಎಲ್ಲವೂ ಆ ಗಂಟಿನ ಮೇಲೆ ನಿಂತಿರುತ್ತವೆ. ಆ ಹಣದ ಮೇಲಿನ ತೆರಿಗೆಯನ್ನು ಲೆಕ್ಕ ಹಾಕುವಾಗ ಯಂತ್ರಗಳು ಹೇಗೆ ಎಡವುತ್ತವೆ, ಎಡವಿದಾಗ ನಾವೇನು ಮಾಡಬೇಕು ಎಂಬುದನ್ನು ಇಂದು ವಿವರಿಸಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ನಮ್ಮೂರಿನ ಹಿರಿಯರೊಬ್ಬರು ಕೈಯಲ್ಲೊಂದು ಕಾಗದ ಹಿಡಿದು ನನ್ನಲ್ಲಿಗೆ ಬಂದರು. ಬ್ಯಾಂಕೊಂದರಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು. ಆದಾಯ ತೆರಿಗೆಯ ವಿವರಪಟ್ಟಿ ತುಂಬಿಸಲು ಕಂಪ್ಯೂಟರ್ ಅಂಗಡಿಗೆ ಹೋಗಿದ್ದರಂತೆ. ಇನ್ನೂ ಸುಮಾರು ಎರಡೂವರೆ ಲಕ್ಷ ರೂಪಾಯಿ ತೆರಿಗೆ ಕಟ್ಟಬೇಕೆಂದು ಯಂತ್ರ ತೋರಿಸಿತಂತೆ. ಇವರು ಗಾಬರಿಯಾಗಿ ವಿಚಾರಿಸಿದರೆ ಅಂಗಡಿಯ ಹುಡುಗ, "ಕಂಪ್ಯೂಟರ್ ತೋರ್ಸಿದ್ದನ್ನ ಹೇಳೀನ್ರಿ ಸರ್, ಇದರಾಗ ನಂದೇನೈತ್ರಿ?" ಎಂದನಂತೆ.

ಹುಡುಗ ಹೇಳಿದ್ದು ಸುಳ್ಳಲ್ಲ. ಆ ಕಾಗದದಲ್ಲಿ ಕೂಡಿಸಿ ಕಳೆದದ್ದೆಲ್ಲವೂ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಒಂದೇ ಒಂದು ಸಾಲಿನಲ್ಲಿ. ಅದನ್ನು ತಿಳಿಯಬೇಕಾದರೆ ನಿವೃತ್ತಿಯ ಹಣದ ಬಗೆಗಳನ್ನು ಸ್ವಲ್ಪ ತಿಳಿಯಬೇಕು.

ಮಾಸಿಕ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಒಮ್ಮೆಗೇ ಪಡೆಯುವ ಮೊತ್ತವೇ ಪರಿವರ್ತಿತ ಪಿಂಚಣಿ. ನಮ್ಮ ಜನರ ಬಾಯಲ್ಲಿ 'ಕಮ್ಯುಟೇಷನ್'. ಸರ್ಕಾರಿ ನೌಕರರಿಗೆ ಇದರ ಮೇಲೆ ತೆರಿಗೆಯೇ ಇಲ್ಲ. ಉಳಿದವರಿಗೆ, ಗ್ರಾಚ್ಯುಯಿಟಿಯೂ ಬಂದಿದ್ದರೆ, ಪಿಂಚಣಿಯ ಪೂರ್ಣ ಮೌಲ್ಯದ ಮೂರನೆಯ ಒಂದು ಭಾಗಕ್ಕೆ ವಿನಾಯಿತಿ. ಗ್ರಾಚ್ಯುಯಿಟಿ ಬಾರದಿದ್ದರೆ ಅರ್ಧ ಭಾಗಕ್ಕೆ. ಇಲ್ಲಿ 'ಪೂರ್ಣ ಮೌಲ್ಯ' ಎಂಬ ಮಾತನ್ನು ಗಮನಿಸಬೇಕು. ನಮ್ಮ ಹಿರಿಯರು ತಮ್ಮ ಪಿಂಚಣಿಯ ಮೂರನೆಯ ಒಂದು ಭಾಗವನ್ನು ಪರಿವರ್ತಿಸಿ 12 ಲಕ್ಷ ರೂಪಾಯಿ ಪಡೆದಿದ್ದರು. ಎಂದರೆ ಪೂರ್ಣ ಮೌಲ್ಯ 36 ಲಕ್ಷ. ಅದರ ಮೂರನೆಯ ಒಂದು ಭಾಗ 12 ಲಕ್ಷ. ಬಂದ ಹಣವೆಲ್ಲವೂ ತೆರಿಗೆಯಿಂದ ಮುಕ್ತ. ಆದರೆ ಯಂತ್ರಕ್ಕೆ ದಾರಿ ಹೇಳಿಕೊಡುವ ಆ ತಂತ್ರಾಂಶ, ಕೈಗೆ ಬಂದ 12 ಲಕ್ಷವನ್ನೇ ಪೂರ್ಣ ಮೌಲ್ಯವೆಂದು ಭಾವಿಸಿ, ಅದರಲ್ಲಿ ಮೂರನೆಯ ಒಂದು ಭಾಗಕ್ಕೆ, ಅಂದರೆ 4 ಲಕ್ಷಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಉಳಿದ 8 ಲಕ್ಷ ಅವರ ಆದಾಯಕ್ಕೆ ಸೇರಿತ್ತು. ನಿವೃತ್ತಿಯ ವರ್ಷದ ಉಳಿದ ಆದಾಯವೇ ತೆರಿಗೆಯ ಮೇಲಿನ ಹಂತವನ್ನು ಮುಟ್ಟಿದ್ದುದರಿಂದ, ಆ 8 ಲಕ್ಷಕ್ಕೆ ಶೇಕಡಾ 30ರಂತೆ 2,40,000 ರೂಪಾಯಿ, ಅದರ ಮೇಲೆ ಶೇಕಡಾ 4ರ ಉಪಕರ, ಒಟ್ಟು 2,49,600 ರೂಪಾಯಿ. ಭಾಗಾಕಾರ ತಪ್ಪಿರಲಿಲ್ಲ, ಯಾವುದನ್ನು ಭಾಗಿಸಬೇಕೆಂಬುದೇ ತಪ್ಪಿತ್ತು.

ಎರಡನೆಯದು ಗ್ರಾಚ್ಯುಯಿಟಿ. 1972ರ ಗ್ರಾಚ್ಯುಯಿಟಿ ಪಾವತಿ ಕಾಯ್ದೆಗೆ ಒಳಪಟ್ಟಿದ್ದವರಿಗೆ ಒಂದು ಸೂತ್ರವಿತ್ತು, ಒಳಪಡದಿದ್ದ ಖಾಸಗಿ ನೌಕರರಿಗೆ ಇನ್ನೊಂದು. ಕೊನೆಯ ಸಂಬಳ 52,000 ರೂಪಾಯಿ, ಸೇವೆ 19 ವರ್ಷ 8 ತಿಂಗಳು ಎಂದಿಟ್ಟುಕೊಳ್ಳೋಣ. ಕಾಯ್ದೆಗೆ ಒಳಪಟ್ಟವರಿಗೆ ತಿಂಗಳನ್ನು 26 ದಿನವೆಂದು ಎಣಿಸಿ, ವರ್ಷಕ್ಕೆ 15 ದಿನದ ಸಂಬಳ. ಆರು ತಿಂಗಳಿಗೆ ಮೀರಿದ ಸೇವೆಯನ್ನು ಇಡೀ ವರ್ಷವೆಂದು ಹಿಡಿಯಬೇಕು. ಹೀಗೆ 30,000ವನ್ನು 20ರಿಂದ ಗುಣಿಸಿದರೆ 6 ಲಕ್ಷ. ಕಾಯ್ದೆಗೆ ಒಳಪಡದವರಿಗೆ ಕೊನೆಯ ಹತ್ತು ತಿಂಗಳ ಸರಾಸರಿ ಸಂಬಳದ ಅರ್ಧ, ಅದೂ ಪೂರ್ತಿಯಾದ ವರ್ಷಗಳಿಗೆ ಮಾತ್ರ. ಸರಾಸರಿಯೂ 52,000ವೇ ಆಗಿದ್ದರೆ 26,000ವನ್ನು 19ರಿಂದ ಗುಣಿಸಬೇಕು, ಆಗುವುದು 4,94,000. ಒಂದೇ ಸಂಬಳ, ಒಂದೇ ಸೇವೆ. ವ್ಯತ್ಯಾಸ ಒಂದು ಲಕ್ಷ ಆರು ಸಾವಿರ. ತೆರೆಯ ಮೇಲಿನ ಪುಟ್ಟ ಚೌಕದಲ್ಲಿ 'ಹೌದು' ಎಂದು ಒತ್ತುವ ಬದಲು 'ಇಲ್ಲ' ಎಂದು ಒತ್ತಿದರೆ ಸಾಕು, ಇಷ್ಟು ಹಣ ಆದಾಯಕ್ಕೆ ಸೇರಿಬಿಡುತ್ತದೆ.

ಮೂರನೆಯದು ರಜೆಯ ನಗದೀಕರಣ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೌಕರರಿಗೆ ನಿವೃತ್ತಿಯಲ್ಲಿ ಬರುವ ಈ ಹಣವೆಲ್ಲ ತೆರಿಗೆಯಿಂದ ಮುಕ್ತ. ಬ್ಯಾಂಕು, ನಿಗಮ, ಕಾರ್ಖಾನೆಗಳ ನೌಕರರಿಗೆ ಮಿತಿಗಳುಂಟು. ಬಂದ ಹಣ, ಹತ್ತು ತಿಂಗಳ ಸರಾಸರಿ ಸಂಬಳ, ವರ್ಷಕ್ಕೆ 30 ದಿನಕ್ಕೆ ಮೀರದಂತೆ ಎಣಿಸಿ ಉಳಿದ ರಜೆಯ ಬೆಲೆ, ಸರ್ಕಾರ ಗೊತ್ತುಪಡಿಸಿದ ಮೊತ್ತ, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಸರ್ಕಾರ ಗೊತ್ತುಪಡಿಸಿದ ಈ ಮೊತ್ತ ಎರಡು ದಶಕಗಳ ಕಾಲ 3 ಲಕ್ಷ ರೂಪಾಯಿಯಲ್ಲೇ ನಿಂತಿತ್ತು. 2023ರ ಮೇ 24ರ ಅಧಿಸೂಚನೆ ಅದನ್ನು 25 ಲಕ್ಷಕ್ಕೆ ಏರಿಸಿತು. ಏರಿಸಿದ್ದು ಆ ವರ್ಷದ ಏಪ್ರಿಲ್ 1ರಿಂದಲೇ ಅನ್ವಯಿಸುವಂತೆ.

ಇದರ ಫಲವೇನೆಂಬುದನ್ನು ನೋಡಿ. ತಿಂಗಳಿಗೆ 1,40,000 ರೂಪಾಯಿ ಸಂಬಳದ ಬ್ಯಾಂಕ್ ಅಧಿಕಾರಿಯೊಬ್ಬರು 2023ರ ಏಪ್ರಿಲ್ 30ರಂದು ನಿವೃತ್ತರಾಗಿ, ಎಂಟು ತಿಂಗಳ ರಜೆಯ ಹಣವಾಗಿ 11,20,000 ರೂಪಾಯಿ ಪಡೆದರೆನ್ನೋಣ. ಆ ದಿನದ ನಿಯಮದಂತೆ 3 ಲಕ್ಷ ಬಿಟ್ಟು 8,20,000ಕ್ಕೆ ತೆರಿಗೆ ಮುರಿದುಕೊಂಡದ್ದು ಸರಿಯೇ. ಇಪ್ಪತ್ತನಾಲ್ಕು ದಿನಗಳಲ್ಲಿ ಅದೇ ಲೆಕ್ಕ ತಪ್ಪಾಯಿತು. ಇಡೀ ಹಣ ಮುಕ್ತವಾಯಿತು. ತಂತ್ರಾಂಶದೊಳಗಿನ ಹಳೆಯ ಅಂಕಿಯನ್ನು ಯಾರಾದರೂ ಕೈಯಾರೆ ಬದಲಿಸುವವರೆಗೆ ಅದು 3 ಲಕ್ಷವನ್ನೇ ಹಿಡಿದು ಕೂತಿರುತ್ತದೆ. ಕಾನೂನು ಬದಲಾದ ಸುದ್ದಿ ಯಂತ್ರಕ್ಕೆ ತಾನಾಗಿ ಮುಟ್ಟುವುದಿಲ್ಲ.

ತಪ್ಪು ಯಾವಾಗಲೂ ನಮಗೆ ಪ್ರತಿಕೂಲವಾಗಿಯೇ ಇರಬೇಕೆಂದಿಲ್ಲ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಸಂಬಳದ ಬಾಬಿಗೆ ಸೇರುವುದಿಲ್ಲ, ಇತರ ಮೂಲಗಳ ಬಾಬಿಗೆ ಸೇರುತ್ತದೆ. 2024-25ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ ಸ್ವಂತ ಪಿಂಚಣಿಗೆ 75,000 ರೂಪಾಯಿಯ ಕಡಿತವಿದ್ದರೆ, ಕುಟುಂಬ ಪಿಂಚಣಿಗೆ ಅದರ ಮೂರನೆಯ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಮಾತ್ರ. ಬಾಬು ತಪ್ಪಿ ತುಂಬಿದರೆ ತೆರಿಗೆ ಕಡಿಮೆಯೆಂದು ಸಂತೋಷಪಡಬಹುದು. ಆದರೆ ತಿಂಗಳುಗಳ ಬಳಿಕ ನೋಟೀಸು ಬಂದಾಗ ಬಡ್ಡಿಸಮೇತ ಕಟ್ಟುವವರು ಆ ವಿಧವೆಯೇ.

ಇವೆಲ್ಲ ಸಣ್ಣ ಅಂಗಡಿಗಳ, ಅಗ್ಗದ ತಂತ್ರಾಂಶಗಳ ದೋಷವೆಂದು ತಿಳಿಯಬೇಡಿ. ಆದಾಯ ತೆರಿಗೆ ಇಲಾಖೆಯ ಹೊಸ ಜಾಲತಾಣ 2021ರ ಜೂನ್ 7ರಂದು ತೆರೆಯಿತು. ಆ ವರ್ಷ ವಿವರಪಟ್ಟಿ ಸಲ್ಲಿಸುವ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 30ಕ್ಕೆ ಮುಂದೂಡಲಾಗಿತ್ತು. ಆದರೂ ಜುಲೈ ಮುಗಿದ ಕೂಡಲೇ ಯಂತ್ರ ಕೆಲವರಿಗೆ ತಡವಾದದ್ದಕ್ಕೆ ಶುಲ್ಕ ಮತ್ತು ಬಡ್ಡಿ ಹಾಕಿತು. ಗಡುವು ಮುಂದೆ ಹೋದದ್ದು ಆದೇಶದಲ್ಲಿತ್ತು, ತಂತ್ರಾಂಶದಲ್ಲಿರಲಿಲ್ಲ. ಆಗಸ್ಟ್ 11ರಂದು ಇಲಾಖೆಯೇ ದೋಷವನ್ನು ಒಪ್ಪಿ, ಅದನ್ನು ತಿದ್ದಲಾಗಿದೆ, ತಪ್ಪಾಗಿ ಕಟ್ಟಿದ ಹಣ ಮರಳುತ್ತದೆ ಎಂದು ಪ್ರಕಟಿಸಿತು.

ಮತ್ತೊಂದು ಪ್ರಸಂಗ ಇನ್ನೂ ಮಹತ್ವದ್ದು. 2024ರ ಜುಲೈ 5ರಂದು ಇಲಾಖೆಯ ತಂತ್ರಾಂಶದಲ್ಲಿ ಒಂದು ಬದಲಾವಣೆಯಾಯಿತು. ಅಂದಿನಿಂದ, ಕೆಲವು ಬಗೆಯ ಆದಾಯವಿದ್ದವರು 87ಎ ಕಲಮಿನ ತೆರಿಗೆ ರಿಯಾಯಿತಿಯನ್ನು ಕೇಳುವುದಕ್ಕೂ ಅವಕಾಶವಿಲ್ಲದಂತಾಯಿತು. ವಿಷಯ ಮುಂಬಯಿ ಹೈಕೋರ್ಟಿಗೆ ಹೋಯಿತು. 2025ರ ಜನವರಿಯ ತೀರ್ಪಿನಲ್ಲಿ ನ್ಯಾಯಾಲಯ, ರಿಯಾಯಿತಿ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಅಧಿಕಾರಿಗಳು ವಿಚಾರಿಸಿ ತೀರ್ಮಾನಿಸಬಹುದು, ಆದರೆ ಕೇಳುವ ಬಾಗಿಲನ್ನೇ ತಂತ್ರಾಂಶ ಮುಚ್ಚಲಾಗದು ಎಂಬ ಅಭಿಪ್ರಾಯಕ್ಕೆ ಬಂದಿತು. ಇದು ನಿವೃತ್ತರ ಹಣಕ್ಕೆ ಸಂಬಂಧಿಸಿದ ವ್ಯಾಜ್ಯವಲ್ಲ. ಅದರ ತತ್ತ್ವ ಮಾತ್ರ ಎಲ್ಲ ತೆರಿಗೆದಾರರಿಗೂ ಸೇರಿದ್ದು.

ಹೊರದೇಶಗಳಲ್ಲೂ ಇದೇ ಕಥೆ. ಬ್ರಿಟನ್ನಿನಲ್ಲಿ 2015ರಿಂದ ಪಿಂಚಣಿ ನಿಧಿಯ ಹಣವನ್ನು ಬೇಕಾದಂತೆ ತೆಗೆಯುವ ಸ್ವಾತಂತ್ರ್ಯ ಬಂದಿತು. ಒಮ್ಮೆ ತೆಗೆದ ದೊಡ್ಡ ಮೊತ್ತವನ್ನು ಅಲ್ಲಿನ ತೆರಿಗೆ ವ್ಯವಸ್ಥೆ ಪ್ರತಿ ತಿಂಗಳೂ ಬರುವ ಆದಾಯವೆಂದು ಭಾವಿಸಿ ಹೆಚ್ಚು ತೆರಿಗೆ ಮುರಿದುಕೊಳ್ಳುತ್ತ ಬಂತು. ಹೀಗೆ ಮುರಿದು, ನಿವೃತ್ತರು ಅರ್ಜಿ ಹಾಕಿದ ಮೇಲೆ ಹಿಂತಿರುಗಿಸಿದ ಹಣ 100 ಕೋಟಿ ಪೌಂಡಿಗೂ ಹೆಚ್ಚು. ಆಯುಷ್ಯದಲ್ಲಿ ಒಮ್ಮೆ ಬರುವುದನ್ನು ತಿಂಗಳ ಸಂಬಳವೆಂದು ಭಾವಿಸುವ ಈ ದೋಷ ಅರ್ಥವಾಗಲು ದೊಡ್ಡ ಗಣಿತ ಬೇಕಿಲ್ಲ.

ಹಾಗಾದರೆ ನಿವೃತ್ತರಾದವರು ಮಾಡಬೇಕಾದದ್ದೇನು? ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಕೆಲವು ಸಂಗತಿಗಳನ್ನು ಬರೆದುಕೊಳ್ಳಬೇಕು. ನನ್ನ ಒಡೆಯ ಸರ್ಕಾರವೇ, ಅಥವಾ ಸರ್ಕಾರ ಸ್ಥಾಪಿಸಿದ ಬ್ಯಾಂಕು, ನಿಗಮಗಳೇ? ನಾನು ನಿವೃತ್ತನಾದ ದಿನಾಂಕ ಯಾವುದು? ಗ್ರಾಚ್ಯುಯಿಟಿ ಬಂದಿದೆಯೇ, ಬಂದಿದ್ದರೆ 1972ರ ಕಾಯ್ದೆಯಂತೆಯೇ? ಪಿಂಚಣಿಯ ಎಷ್ಟು ಭಾಗವನ್ನು ಪರಿವರ್ತಿಸಿದ್ದೇನೆ? ಬಂದ ಹಣದಲ್ಲಿ ಹಿಂದಿನ ವರ್ಷಗಳ ಬಾಕಿ ಸೇರಿದೆಯೇ? ಯಂತ್ರದ ಚೌಕಗಳು ಕೇಳುವುದು ಇವನ್ನೇ. ಉತ್ತರ ತಿಳಿದಿರುವವರು ನಾವು.

ಕೊನೆಯ ಪ್ರಶ್ನೆ ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಆರಂಭವಾದದ್ದು 1976ರಲ್ಲಿ. ಗ್ರಾಮೀಣ ಬ್ಯಾಂಕುಗಳ ನೌಕರರಿಗೆ ಇತರ ಬ್ಯಾಂಕುಗಳವರಂತೆ ಪಿಂಚಣಿಯ ಹಾದಿ ತೆರೆದದ್ದಾದರೋ 2018ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಮಾನದ ಬಳಿಕ. ಹಳೆಯ ವರ್ಷಗಳ ಪಿಂಚಣಿ ಅಥವಾ ಸಂಬಳದ ಬಾಕಿ ಯಾರಿಗೇ ಆಗಲಿ ಒಂದೇ ವರ್ಷದಲ್ಲಿ ಕೈಸೇರಿದರೆ ತೆರಿಗೆಯ ಹಂತ ಮೇಲೇರುತ್ತದೆ. ಆ ಹೊರೆಯನ್ನು ಇಳಿಸಲು 1961ರ ಕಾಯ್ದೆಯ 89ನೆಯ ಕಲಮಿನಲ್ಲಿ ಪರಿಹಾರವಿತ್ತು. ಆದರೆ ವಿವರಪಟ್ಟಿಗೆ ಮೊದಲು 10ಇ ಎಂಬ ನಮೂನೆಯನ್ನು ಸಲ್ಲಿಸದಿದ್ದರೆ ಬೆಂಗಳೂರಿನ ಪರಿಷ್ಕರಣಾ ಕೇಂದ್ರ ಅದನ್ನು ತಳ್ಳಿಹಾಕುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಹೊಸ ಕಾಯ್ದೆ ಕಲಮುಗಳ ಮತ್ತು ನಮೂನೆಗಳ ಸಂಖ್ಯೆಗಳನ್ನು ಬದಲಿಸಿದೆ. ಆದ್ದರಿಂದ ಹಣ ಯಾವ ವರ್ಷದ್ದು, ಆ ವರ್ಷಕ್ಕೆ ಯಾವ ಕಾಯ್ದೆ ಎಂಬುದನ್ನು ಮೊದಲು ವಿಚಾರಿಸುವುದು ಒಳಿತು.

ನೋಟೀಸು ಬಂದರೆ ಅದನ್ನು ತೀರ್ಪೆಂದು ಭಾವಿಸಿ ಹಣ ಕಟ್ಟಿಬಿಡುವುದೂ ಬೇಡ, ಭಯದಿಂದ ಪೆಟ್ಟಿಗೆಯಲ್ಲಿ ಮುಚ್ಚಿಡುವುದೂ ಬೇಡ. ಅದು ಒಂದು ಯಂತ್ರದ ಲೆಕ್ಕಕ್ಕೂ ಇನ್ನೊಂದು ಯಂತ್ರದ ಲೆಕ್ಕಕ್ಕೂ ತಾಳೆಯಾಗಿಲ್ಲವೆಂಬ ಸೂಚನೆಯಿರಬಹುದು. ಕಚೇರಿ ಕೊಟ್ಟ ನಿವೃತ್ತಿ ಆದೇಶ, ಪರಿವರ್ತನೆಯ ಪತ್ರ, ರಜೆಯ ಲೆಕ್ಕ ಇವನ್ನು ಜೋಪಾನವಾಗಿಟ್ಟುಕೊಂಡಿದ್ದು, ಗಡುವಿನೊಳಗೆ ಉತ್ತರ ಕೊಟ್ಟರೆ ತಿದ್ದುಪಡಿಗೆ ಕಾನೂನಿನಲ್ಲಿ ಹಾದಿಯಿದೆ.

ನಮ್ಮ ಹಿರಿಯರ ವಿಷಯ ಸುಲಭವಾಗಿ ಮುಗಿಯಿತು. ಅವರು ಇನ್ನೂ ಹಣ ಕಟ್ಟಿರಲಿಲ್ಲ. ಮಾರನೆಯ ದಿನ ಅದೇ ಅಂಗಡಿಗೆ ಇಬ್ಬರೂ ಹೋಗಿ ಕುಳಿತೆವು. ಪರಿವರ್ತನೆಯ ಪತ್ರವನ್ನು ತೋರಿಸಿ ಆ ಒಂದು ಸಾಲನ್ನು ತಿದ್ದಿಸಿದ ಕೂಡಲೇ ಎರಡೂವರೆ ಲಕ್ಷದ ಬಾಕಿ ಇಲ್ಲವಾಯಿತು. ಹುಡುಗ ಆ ಪತ್ರವನ್ನು ಎರಡು ಸಲ ಓದಿದ. ಇನ್ನು ಮುಂದೆ ನಿವೃತ್ತರು ಯಾರೇ ಬಂದರೂ ಮೊದಲು ಈ ಕಾಗದ ಕೇಳುತ್ತೇನೆ ಎಂದ. ಆ ವರ್ಷ ಆತ ಹಾಗೆಯೇ ಕೇಳುತ್ತಿದ್ದುದನ್ನು ನಾನು ಬಲ್ಲೆ.

(ಆಕಾಶವಾಣಿಯ ಕೃಪೆಯಿಂದ)